ಹಸಿರು ಹಾಸಿನ ಕೆಳಗಿನ ಕೆಲಸ

ಕಾಪುವಿನಲ್ಲಿ ಹುಲ್ಲು ಬೆಳೆಸಲು ಯಾರೂ ಕಷ್ಟಪಡಬೇಕಾಗಿಲ್ಲ. ಜೂನ್ ತಿಂಗಳ ನಾಲ್ಕು ಮಳೆ ಸರಿಯಾಗಿ ಬಿದ್ದರೆ ಸಾಕು, ಅಂಗಳದ ಅಂಚು, ಪಾಗಾರದ ಬುಡ, ಬಾವಿಕಟ್ಟೆಯ ಸುತ್ತು, ಇಂಟರ್‌ಲಾಕ್ ಹಾಸಿದ ದಾರಿಯ ಸಂದು, ಎಲ್ಲ ಕಡೆ ಅದು ತಾನಾಗಿ ಏಳುತ್ತದೆ. ಆಟಿ ಕಳೆಯುವಷ್ಟರಲ್ಲಿ ಮೊಣಕಾಲೆತ್ತರ ಆಗಿರುತ್ತದೆ. ಹುಲ್ಲು ಕತ್ತರಿಸುವ ಮೆಶಿನಿನವರು ಸಿಗಬೇಕಾದರೆ ಚೌತಿಯವರೆಗೆ ಕಾಯಬೇಕು. ಇಂಥ ಊರಿನಲ್ಲಿ ಹಣ ಕೊಟ್ಟು ಪ್ಲಾಸ್ಟಿಕ್ ಹುಲ್ಲು ತಂದು ಹಾಸುತ್ತಾರೆ ಎಂದರೆ ಹಿರಿಯರಿಗೆ ಸಿಟ್ಟು ಬರುವುದು ಸಹಜ. ಆ ಸಿಟ್ಟಿನಲ್ಲಿ ಅರ್ಧ ನ್ಯಾಯವಿದೆ. ಉಳಿದರ್ಧ ತಿಳಿಯಬೇಕಾದರೆ ಆ ಹಾಸನ್ನು ಎತ್ತಿ ಕೆಳಗೆ ನೋಡಬೇಕು.

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಹುಡುಗರಿಗೆ ಕೃತಕ ಹುಲ್ಲು ಈಗ ಹೊಸತಲ್ಲ. ಸುತ್ತ ನೆಟ್, ಮೇಲೆ ಫ್ಲಡ್‌ಲೈಟ್, ಗಂಟೆಯ ಲೆಕ್ಕದಲ್ಲಿ ಬಾಡಿಗೆ. ಕೆಲಸ ಮುಗಿಸಿ ರಾತ್ರಿ ಊಟದ ನಂತರ 'ಟರ್ಫ್ ಬುಕ್ ಆಗಿದೆ' ಎಂದು ಬೈಕ್ ಹತ್ತುವವರು ಪ್ರತಿ ಊರಿನಲ್ಲೂ ಇದ್ದಾರೆ. ಗದ್ದೆ ಕೊಯ್ಲಾದ ಮೇಲೆ ಸಿಗುತ್ತಿದ್ದ ಬಯಲುಗಳು ಸೈಟುಗಳಾಗಿ ಹೋದ ಕಡೆ ಈ ಟರ್ಫ್‌ಗಳೇ ಆಟದ ಬಯಲು. ಅಲ್ಲಿಂದ ಅದೇ ಹಾಸು ಟೆರೇಸಿಗೆ, ಬಾಲ್ಕನಿಗೆ, ಹಿತ್ತಿಲಿಗೆ ಬಂದಿದೆ. ಅದರಲ್ಲೇ ಒಂದು ಬಗೆ ಉಳಿದೆಲ್ಲಕ್ಕಿಂತ ಹೆಚ್ಚು ಶ್ರದ್ಧೆ ಕೇಳುತ್ತದೆ. ಅದು ಪಟ್ಟಿಂಗ್ ಗ್ರೀನ್. ಗಾಲ್ಫ್ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಬೀಳಿಸುವುದನ್ನು ಅಭ್ಯಾಸ ಮಾಡುವ ಜಾಗ. ಫುಟ್‌ಬಾಲಿಗೆ ನೆಲ ಒಂದಿಷ್ಟು ಏರುತಗ್ಗಾದರೂ ಆಟ ನಡೆದೀತು. ಇಲ್ಲಿ 45.93 ಗ್ರಾಂಗಿಂತ ಭಾರ ಇರಬಾರದ ಪುಟ್ಟ ಚೆಂಡು, ಅದರ ಎದುರು ನಾಲ್ಕೂಕಾಲು ಇಂಚು ಅಗಲದ ಕುಳಿ. ನೆಲದಲ್ಲಿ ಹುಣಿಸೆ ಬೀಜದಷ್ಟು ಉಬ್ಬಿದ್ದರೂ ಚೆಂಡು ದಾರಿ ಬಿಟ್ಟು ಹೋಗುತ್ತದೆ.

ಕಾಪುವಿಗೂ ಗಾಲ್ಫಿಗೂ ಏನು ಸಂಬಂಧ ಎಂದು ಕೇಳಬಹುದು. ಹತ್ತಿರದ ಗಾಲ್ಫ್ ಮೈದಾನ ಇರುವುದು ಮಂಗಳೂರಿನ ಹೊರವಲಯದ ಪಿಲಿಕುಳದಲ್ಲಿ. ಹೆದ್ದಾರಿಯಲ್ಲಿ ಒಂದು ಗಂಟೆಯ ಮೇಲಿನ ದಾರಿ. ಆದರೆ ಈ ತೀರದ ಮನೆಮನೆಗೂ ಕೊಲ್ಲಿಯ ನಂಟು ಇದೆ, ಗಾಲ್ಫ್ ಬಂದದ್ದೂ ಆ ದಾರಿಯಿಂದಲೇ. ದುಬೈಯ ಎಮಿರೇಟ್ಸ್ ಗಾಲ್ಫ್ ಕ್ಲಬ್ಬಿನ ಮಜ್ಲಿಸ್ ಮೈದಾನ 1988ರಲ್ಲಿ ತೆರೆಯಿತು. ಮಧ್ಯಪ್ರಾಚ್ಯದಲ್ಲಿ ಪೂರ್ತಿ ಹುಲ್ಲು ಬೆಳೆಸಿದ ಮೊದಲ ಗಾಲ್ಫ್ ಮೈದಾನ ಅದು. ಅದಕ್ಕೂ ಮೊದಲು ಅಲ್ಲಿಯವರು ಮರಳಿನಲ್ಲೇ ಆಡುತ್ತಿದ್ದರು. ಬಹರೈನ್‌ನ ತೈಲದ ಊರು ಅವಾಲಿಯಲ್ಲಿ ಅಂಥ ಮೈದಾನ ಬಹಳ ಹಳೆಯದು. ಮರಳಿಗೆ ಎಣ್ಣೆ ಬೆರೆಸಿ, ಉರುಳೆ ಎಳೆದು ಗಟ್ಟಿ ಮಾಡಿದ ಕಂದು ವೃತ್ತಗಳೇ ಅಲ್ಲಿನ 'ಗ್ರೀನ್'. ಅವನ್ನು 'ಬ್ರೌನ್' ಎನ್ನುತ್ತಿದ್ದರು. ಉಳಿದ ಕಡೆ ಚೆಂಡು ಹೊಡೆಯಲು ಆಟಗಾರರು ಕೃತಕ ಹುಲ್ಲಿನ ಒಂದು ತುಂಡನ್ನು ಕೈಯಲ್ಲೇ ಹಿಡಿದು ನಡೆಯುತ್ತಿದ್ದರು. ಚೆಂಡು ಬಿದ್ದಲ್ಲಿ ತುಂಡು ಹಾಸಿ, ಅದರ ಮೇಲೆ ಚೆಂಡಿಟ್ಟು ಹೊಡೆದು, ಮತ್ತೆ ಸುತ್ತಿಕೊಂಡು ಮುಂದೆ. ಅಲ್ಲಿ ಹತ್ತಿಪ್ಪತ್ತು ವರ್ಷ ದುಡಿದು, ಕಂಪನಿಯ ಮೇಲಧಿಕಾರಿಗಳ ಜೊತೆ ಶುಕ್ರವಾರ ಬೆಳಿಗ್ಗೆ ಈ ಆಟ ಕಲಿತವರು ಊರಿಗೆ ಬಂದು ಮನೆ ಕಟ್ಟಿದಾಗ ಹಿತ್ತಿಲಲ್ಲಿ ಒಂದು ಗ್ರೀನ್ ಬೇಕೆನ್ನುವುದರಲ್ಲಿ ನನಗೆ ಶೋಕಿ ಕಾಣುವುದಿಲ್ಲ. ಅರವತ್ತು ದಾಟಿದವರಿಗೆ ಸಂಜೆ ಹೊತ್ತು ಬಗ್ಗಿ, ನಿಂತು, ನಡೆಯುತ್ತ, ಮೊಮ್ಮಕ್ಕಳ ಜೊತೆ ಆಡಬಹುದಾದ ಆಟ ಎಷ್ಟಿವೆ?

ಇನ್ನೊಂದು ಕಾರಣವೂ ಇದೆ. ಗಾಲ್ಫಿನಲ್ಲಿ ದೂರಕ್ಕೆ ಹೊಡೆಯುವುದನ್ನು ಮನೆಯಲ್ಲಿ ಕಲಿಯಲಾಗದು, ಪಟ್ಟಿಂಗ್ ಮಾತ್ರ ಕಲಿಯಬಹುದು. ಪಾರ್ 72ರ ಮೈದಾನದ ಲೆಕ್ಕದಲ್ಲಿ ಪ್ರತಿ ಗ್ರೀನಿನ ಮೇಲೆ ಎರಡು ಪಟ್ ಎಂದು ಹಿಡಿದರೆ 36 ಹೊಡೆತ. ಅಂದರೆ ಆಟದ ಅರ್ಧ ಭಾಗ ಈ ಮೆಲ್ಲನೆಯ ತಳ್ಳುವಿಕೆಯಲ್ಲೇ ಇದೆ. ಬೆಂಗಳೂರಿನ ಅದಿತಿ ಅಶೋಕ್ ಐದರ ಹರೆಯದಲ್ಲಿ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಪಟ್ಟಿಂಗ್ ಗ್ರೀನಿನಿಂದಲೇ ಆರಂಭಿಸಿದವರು. ಟೋಕಿಯೊ ಒಲಿಂಪಿಕ್ಸಿಗೆ ಹೋದಾಗ ಅವರ ವಿಶ್ವ ರ್‍ಯಾಂಕಿಂಗ್ 200. ಬ್ಯಾಗ್ ಹೊತ್ತು ಜೊತೆ ನಡೆದದ್ದು ಅಮ್ಮ. ದೂರದ ಹೊಡೆತದಲ್ಲಿ ಉಳಿದವರಿಗಿಂತ ಹಿಂದಿದ್ದ ಅದಿತಿ, ಗ್ರೀನಿನ ಮೇಲೆ ಎಲ್ಲರನ್ನೂ ಮೀರಿಸುತ್ತ ಹೋದರು. 2021ರ ಆಗಸ್ಟ್ 7ರಂದು, ಗಾಲ್ಫ್ ನೋಡಿಯೇ ಇರದ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆಯೇ ಟಿವಿ ಹಾಕಿಕೊಂಡು ಕುಳಿತಿದ್ದರು. ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೆಯ ಸ್ಥಾನ. ಕೊನೆಯ ಕುಳಿಯಲ್ಲಿ ಅವರ ಪಟ್ ಅಂಚಿನ ಪಕ್ಕದಲ್ಲೇ ಸರಿದು ಹೋಯಿತು. ಪಟ್ಟಿಂಗ್ ಎಂದರೆ ಏನು ಎಂದು ನಮ್ಮವರಿಗೆ ಗೊತ್ತಾದದ್ದು ಆ ಬೆಳಿಗ್ಗೆ.

ನಿಜವಾದ ಹುಲ್ಲಿನಲ್ಲೇ ಗ್ರೀನ್ ಮಾಡಬಾರದೇ? ಗಾಲ್ಫ್ ಗ್ರೀನಿಗೆ ಬಳಸುವ ಬರ್ಮುಡಾ ಹುಲ್ಲು ನಮಗೆ ಪರಕೀಯವಲ್ಲ, ಗಣಪತಿಗೆ ಏರಿಸುವ ಗರಿಕೆಯದೇ ಕುಲ ಅದು. ಅಮೆರಿಕದ ಜಾರ್ಜಿಯಾದ ಟಿಫ್ಟನ್‌ನಲ್ಲಿ ಅದರ ಗಿಡ್ಡ ಮಿಶ್ರತಳಿಗಳನ್ನು ಬೆಳೆಸಿದರು. ಟಿಫ್‌ಡ್ವಾರ್ಫ್ ಎಂಬುದು 1965ರಲ್ಲಿ ಹೊರಬಂತು. ಆದರೆ ಗ್ರೀನಿನ ಹುಲ್ಲನ್ನು ನಾಲ್ಕೈದು ಮಿಲಿಮೀಟರ್ ಎತ್ತರದಲ್ಲೇ ಇರಿಸಬೇಕು. ಅದಕ್ಕೆ ಉರುಳೆ ಬ್ಲೇಡಿನ ಯಂತ್ರ ಬೇಕು, ದಿನವೂ ಕತ್ತರಿಸಬೇಕು, ಮೇಲೆ ಮರಳು ಉದುರಿಸುತ್ತಿರಬೇಕು, ಶಿಲೀಂಧ್ರಕ್ಕೆ ಔಷಧ ಹೊಡೆಯಬೇಕು. ಜುಲೈಯಲ್ಲಿ ವಾರಗಟ್ಟಲೆ ಬಿಸಿಲು ಕಾಣದ ನಮ್ಮಲ್ಲಿ ಅಷ್ಟು ಗಿಡ್ಡ ಹುಲ್ಲನ್ನು ಕೊಳೆಯದಂತೆ ಉಳಿಸಿಕೊಳ್ಳುವುದು ಒಂದು ಮನೆಯ ಶಕ್ತಿಗೆ ಮೀರಿದ್ದು. ಉಳಿಸಿಕೊಂಡರೂ ಆ ಔಷಧವೆಲ್ಲ ಇಳಿಯುವುದು ನಾವೇ ಕುಡಿಯುವ ಬಾವಿಗೆ. ಮತ್ತೊಂದು ಮಾತು. ಮೈದಾನದ ಗ್ರೀನ್ ಕೂಡ ಬರೀ ಹುಲ್ಲಲ್ಲ. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ 1960ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಅತಿ ಕೆಳಗೆ ನೀರು ಹರಿಸುವ ಪೈಪು, ಅದರ ಮೇಲೆ ನಾಲ್ಕು ಇಂಚು ಜಲ್ಲಿ, ಅದರ ಮೇಲೆ ಹನ್ನೆರಡು ಇಂಚು ಮರಳಿನ ಮಿಶ್ರಣ, ಕೊನೆಗೆ ಹುಲ್ಲು. ಕೆಳಗಿನದು ಸರಿಯಿಲ್ಲದಿದ್ದರೆ ಮೇಲಿನದು ನಿಲ್ಲದು ಎಂಬುದು ಜೀವಂತ ಹುಲ್ಲಿಗೂ ಪ್ಲಾಸ್ಟಿಕ್ಕಿಗೂ ಒಂದೇ.

ಕೃತಕ ಹುಲ್ಲು ಹುಟ್ಟಿದ್ದು ಕೂಡ ಜೀವಂತ ಹುಲ್ಲು ಸೋತ ಜಾಗದಲ್ಲಿ. 1965ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಸೂರು ಮುಚ್ಚಿದ ಬೇಸ್‌ಬಾಲ್ ಕ್ರೀಡಾಂಗಣ ಆಸ್ಟ್ರೋಡೋಮ್ ತೆರೆಯಿತು. ಪಾರದರ್ಶಕ ಸೂರಿನ ಪ್ರಖರ ಬೆಳಕಿನಲ್ಲಿ ಮೇಲೆ ಹೋದ ಚೆಂಡು ಆಟಗಾರರಿಗೆ ಕಾಣಿಸಲಿಲ್ಲ. ಸೂರಿಗೆ ಬಣ್ಣ ಬಳಿದರು. ಬೆಳಕು ಕಡಿಮೆಯಾಗಿ ಹುಲ್ಲು ಸತ್ತಿತು. ಮರುವರ್ಷ ಮೊನ್ಸಾಂಟೊ ಕಂಪನಿಯ ನೈಲಾನ್ ಹಾಸು ಬಂತು, ಆಸ್ಟ್ರೋಟರ್ಫ್ ಎಂಬ ಹೆಸರು ಅದಕ್ಕೆ ಅಂಟಿದ್ದು ಹಾಗೆ. ಹತ್ತು ವರ್ಷದಲ್ಲಿ ಅದು ಹಾಕಿಗೆ ಬಂದು ನಮ್ಮನ್ನು ನೋಯಿಸಿತು. 1975ರಲ್ಲಿ ಕ್ವಾಲಾಲಂಪುರದ ಹುಲ್ಲಿನ ಮೇಲೆ ವಿಶ್ವಕಪ್ ಗೆದ್ದ ಭಾರತ, 1976ರ ಮಾಂಟ್ರಿಯಲ್ ಒಲಿಂಪಿಕ್ಸಿನ ಕೃತಕ ಅಂಕಣದಲ್ಲಿ ಏಳನೆಯ ಸ್ಥಾನಕ್ಕೆ ಇಳಿಯಿತು. ಆ ಎರಡೂ ತಂಡಗಳಲ್ಲಿ ಕೊಡಗಿನ ಬಿ.ಪಿ. ಗೋವಿಂದ ಆಡಿದ್ದರು. ನೆಲ ಬದಲಾದರೆ ಆಟವೇ ಬದಲಾಗುತ್ತದೆ ಎಂಬುದನ್ನು ನಮ್ಮ ಹಾಕಿ ಬಹಳ ಬೆಲೆ ತೆತ್ತು ಕಲಿಯಿತು.

ಇನ್ನು ಕಾಪುವಿನ ನೆಲ. ಹೆದ್ದಾರಿ 66 ಈ ಊರನ್ನು ಉದ್ದಕ್ಕೂ ಸೀಳಿ ಹೋಗಿದೆ. ಹೆದ್ದಾರಿಯ ಪಡುಬದಿಯಲ್ಲಿ, 1901ರ ದೀಪಸ್ತಂಭದ ಕಡೆಗೆ ಹೋದಂತೆ ಹೊಯ್ಗೆ. ಮೂಡುಬದಿಯಲ್ಲಿ ಏರಿದಂತೆ ಕೆಂಪು ಮಣ್ಣು, ಅದರಡಿ ಮುರಕಲ್ಲು. ಒಂದೇ ಊರಾದರೂ ಎರಡು ಕಡೆ ಕೆಲಸ ಬೇರೆ. ಹೊಯ್ಗೆಯಲ್ಲಿ ನೀರು ನಿಲ್ಲುವುದಿಲ್ಲ, ಆದರೆ ನೆಲವೂ ನಿಲ್ಲುವುದಿಲ್ಲ. ಕಾಲಿಟ್ಟಲ್ಲಿ ಜರಿಯುತ್ತದೆ, ಹಾಸಿನ ಮೇಲೆ ಗುಳಿ ಬೀಳುತ್ತದೆ. ಅಲ್ಲಿ ಸುತ್ತಲೂ ಬಲವಾದ ಅಂಚು ಕಟ್ಟಿ ಮರಳನ್ನು ಹಿಡಿದಿಡುವುದು ಮುಖ್ಯ. ಕೆಂಪು ಮಣ್ಣಿನಲ್ಲಿ ತೊಂದರೆ ತಿರುವುಮುರುವು. ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಿರುವುದು ಮಳೆಗೆ ಕೆಸರಾಗಿ ಜಲ್ಲಿಯ ಸಂದಿನಿಂದ ಮೇಲೆ ಉಕ್ಕುತ್ತದೆ. ನೀರು ಇಳಿಯುವ ದಾರಿಯನ್ನೆಲ್ಲ ಆ ಕೆಸರು ಮುಚ್ಚುತ್ತದೆ. ಅಲ್ಲಿ ಮಣ್ಣಿಗೂ ಜಲ್ಲಿಗೂ ನಡುವೆ ಜಿಯೊಟೆಕ್ಸ್‌ಟೈಲ್ ಬಟ್ಟೆ ಹಾಸದೆ ಮುಂದುವರಿಯಲೇಬಾರದು. ನೀರನ್ನು ಬಿಟ್ಟು ಮಣ್ಣನ್ನು ತಡೆಯುವ ಬಟ್ಟೆ ಅದು. ಗೂಡ್ಸ್ ಗಾಡಿಗೆ ಹೊದಿಸುವ ಟರ್ಪಾಲು ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಟರ್ಪಾಲು ನೀರನ್ನೂ ತಡೆಯುತ್ತದೆ.

ಮಳೆಯ ಲೆಕ್ಕ ಹಾಕಿದರೆ ಕೆಲಸದ ತೂಕ ತಿಳಿಯುತ್ತದೆ. ಈ ತೀರದಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹದಿಮೂರು ಅಡಿ ಅಗಲ, ಮೂವತ್ತು ಅಡಿ ಉದ್ದದ ಗ್ರೀನ್ ಎಂದರೆ 390 ಚದರ ಅಡಿ, ಸುಮಾರು 36 ಚದರ ಮೀಟರ್. ಅಷ್ಟು ಜಾಗದ ಮೇಲೆ ವರ್ಷದಲ್ಲಿ ಬೀಳುವ ನೀರು ಹತ್ತಿರ ಹತ್ತಿರ ಒಂದೂವರೆ ಲಕ್ಷ ಲೀಟರ್. 100 ಮಿ.ಮೀ. ಸುರಿದ ಒಂದು ದಿನ ಮೂರೂವರೆ ಸಾವಿರ ಲೀಟರಿಗೂ ಹೆಚ್ಚು. ಈ ನೀರು ಎಲ್ಲಿಗೆ ಹೋಗಬೇಕು ಎಂಬುದನ್ನು ತೀರ್ಮಾನಿಸಿದ ಮೇಲೆಯೇ ಹುಲ್ಲಿನ ಬಣ್ಣ ನೋಡಬೇಕು. ವಿದೇಶದ ವಿಡಿಯೊ ನೋಡಿ ಕೆಲಸಕ್ಕೆ ಇಳಿಯುವವರು ಎಡವುವುದು ಇಲ್ಲೇ. ಅಲ್ಲಿ ವರ್ಷಪೂರ್ತಿ ಬೀಳುವ ಮಳೆ ಇಲ್ಲಿ ಕೆಲವೇ ವಾರಗಳಲ್ಲಿ ಬಿದ್ದುಬಿಡುತ್ತದೆ.

ಹೆದ್ದಾರಿಯ ಮೂಡುಬದಿಯ ಒಂದು ಮನೆಯಲ್ಲಿ ಈ ಕೆಲಸ ನಡೆಯುವಾಗ ಹೋಗಿ ನಿಂತು ನೋಡಿದ್ದೇನೆ. ದೀಪಾವಳಿ ಕಳೆದಿತ್ತು, ಮಣ್ಣಿನಲ್ಲಿ ಇನ್ನೂ ತೇವವಿತ್ತು. ಈ ಕೆಲಸಕ್ಕೆ ಅದೇ ಸರಿಯಾದ ಕಾಲ. ಮನೆಯ ಯಜಮಾನರು ದುಬೈಯಿಂದ ನಿವೃತ್ತರಾಗಿ ಬಂದವರು. ಆರು ಇಂಚು ಮಣ್ಣು ತೆಗೆದಾಗಿತ್ತು. ಮೇಸ್ತ್ರಿ ಕೈಯಲ್ಲಿ ಸನಿಕೆ ಹಿಡಿದು ಒಂದು ಸಲಹೆ ಕೊಟ್ಟರು.

"ಅಡಿಗೆ ಮೂರಿಂಚು ಕಾಂಕ್ರೀಟ್ ಹೊಡೆದು ಬಿಡುವ ಮಾರಾಯ್ರೆ. ಮಟ್ಟ ಅಂದ್ರೆ ಮಟ್ಟ. ಮತ್ತೆ ಮಂಡೆಬಿಸಿಯೇ ಇಲ್ಲ."

ಯಜಮಾನರು ಉತ್ತರ ಹೇಳುವ ಮೊದಲೇ ಜಗಲಿಯಲ್ಲಿ ಕುಳಿತಿದ್ದ ಅವರ ಅಮ್ಮ ಮಾತಾಡಿದರು. "ಅದು ಬಾವಿಗೆ ನೀರು ಇಳಿಯುವ ಜಾಗ ಮಗಾ. ಅದಕ್ಕೆ ಸಿಮೆಂಟು ಹಾಕಿದ್ರೆ ಎಪ್ರಿಲ್‌ನಲ್ಲಿ ಏನು ಕುಡಿಯುವುದು?"

ಅಲ್ಲಿಗೆ ಕಾಂಕ್ರೀಟಿನ ಮಾತು ನಿಂತಿತು. ಆ ಹಿರಿಯರು ಗಾಲ್ಫ್ ನೋಡಿದವರಲ್ಲ, ಆದರೆ ಇಡೀ ಕೆಲಸದ ತಳಹದಿಯನ್ನು ಹೇಳಿದವರು ಅವರೇ. ಕಡಲ ಹತ್ತಿರದ ಬಾವಿಗಳಲ್ಲಿ ಸಿಹಿನೀರು ಕಡಿಮೆಯಾದಷ್ಟೂ ಉಪ್ಪುನೀರು ಒಳಗೆ ನುಗ್ಗುತ್ತದೆ. ಅಂಗಳಕ್ಕೆ ಇಂಟರ್‌ಲಾಕ್, ದಾರಿಗೆ ಕಾಂಕ್ರೀಟ್, ಉಳಿದ ಜಾಗಕ್ಕೆ ಟೈಲ್ಸ್ ಹಾಕಿ ಮುಗಿಸಿದ ಮನೆಗಳಲ್ಲಿ ಮಳೆನೀರು ಇಳಿಯಲು ಉಳಿದಿರುವುದೇ ಹಿತ್ತಿಲು. ಅದನ್ನೂ ಮುಚ್ಚಿದರೆ ಟ್ಯಾಂಕರಿಗೆ ಕಾಯಬೇಕು. ಕಾಂಕ್ರೀಟಿನ ಮೇಲೆ ಹಾಸಿದ ಹುಲ್ಲು ಆಟಕ್ಕೂ ಒಳ್ಳೆಯದಲ್ಲ. ಹಾಸಿನ ಬೆನ್ನಿನಲ್ಲಿರುವ ತೂತುಗಳಿಂದ ಇಳಿದ ನೀರಿಗೆ ಮುಂದೆ ದಾರಿಯಿಲ್ಲದೆ ಅಡಿಯಲ್ಲೇ ನಿಲ್ಲುತ್ತದೆ, ಹಾವಸೆ ಕಟ್ಟುತ್ತದೆ, ವಾಸನೆ ಬರುತ್ತದೆ. ಚೆಂಡು ಕೂಡ ಗಟ್ಟಿ ನೆಲದ ಮೇಲೆ ಪುಟಿಯುತ್ತ ಹೋಗುತ್ತದೆ.

ಹಾಗಾಗಿ ಬಟ್ಟೆ ಹಾಸಿ, ಅದರ ಮೇಲೆ 20 ಮಿ.ಮೀ. ಜಲ್ಲಿಯನ್ನು ನಾಲ್ಕಿಂಚು ದಪ್ಪಕ್ಕೆ ಸುರಿದರು. ಮೇಲೆ ಹೇಳಿದ 390 ಚದರ ಅಡಿ ಜಾಗಕ್ಕೆ 130 ಘನ ಅಡಿ ಜಲ್ಲಿ ಬೇಕು. ಒಮ್ಮೆಗೇ ಸುರಿಯದೆ ಎರಡೆರಡು ಇಂಚಿನ ಪದರ ಮಾಡಿ ಪ್ಲೇಟ್ ಕಾಂಪ್ಯಾಕ್ಟರ್ ಓಡಿಸಿದರು. ನಂತರ ಬೇಬಿ ಜಲ್ಲಿ ತೆಳುವಾಗಿ, ಕೊನೆಗೆ ಒಂದಿಂಚು ಜಲ್ಲಿಹುಡಿ. ಈ ಹುಡಿಯಲ್ಲೂ ವಿವೇಕ ಬೇಕು. ತೀರಾ ನುಣ್ಣಗಿನ ಧೂಳು ಹೆಚ್ಚಾದರೆ ಮಳೆಗೆ ಸಿಮೆಂಟಿನಂತೆ ಗಟ್ಟಿಕಟ್ಟಿ ನೀರನ್ನು ತಡೆಯುತ್ತದೆ. ಹಿಡಿಯಲ್ಲಿ ಒತ್ತಿದರೆ ಅಂಟಿಕೊಳ್ಳಬೇಕು, ಬೆರಳು ಬಿಡಿಸಿದರೆ ಉದುರಬೇಕು. ಮೇಸ್ತ್ರಿ ಪ್ರತಿ ಗೋಣಿಯನ್ನೂ ಹಾಗೆ ಹಿಡಿದು ನೋಡಿದರು. ಆಮೇಲೆ ನೀರು ತುಂಬಿದ ಲೆವೆಲ್ ಪೈಪ್ ಹಿಡಿದು ಇಳಿಜಾರು ಗುರುತಿಸಿದರು. ನೂರಕ್ಕೆ ಒಂದರ ಇಳಿಜಾರು, ಅಂದರೆ ಮೂವತ್ತು ಅಡಿಗೆ ಮೂರೂವರೆ ಇಂಚಿನಷ್ಟು. ಅಲ್ಯೂಮಿನಿಯಂ ಪಟ್ಟಿ ಎಳೆದು ಎಳೆದು ಹುಡಿಯನ್ನು ನಯಮಾಡಲು ಇಡೀ ಒಂದು ಮಧ್ಯಾಹ್ನ ಹಿಡಿಯಿತು. ಸಂಜೆ ಆ ಬೋಳು ಹುಡಿಯ ಮೇಲೆಯೇ ಯಜಮಾನರು ಚೆಂಡು ಉರುಳಿಸಿದರು. ಎಡಕ್ಕೆ ವಾಲಿತು. ಮೇಸ್ತ್ರಿ ಮಂಡಿಯೂರಿ, ಕೆನ್ನೆಯನ್ನು ನೆಲಕ್ಕೆ ತಾಗುವಷ್ಟು ಬಗ್ಗಿಸಿ ನೋಡಿ, ಕೈಬೆರಳಿನಲ್ಲಿ ಎರಡು ಚಿಟಿಕೆ ಹುಡಿ ತೆಗೆದು ಇನ್ನೊಂದು ಕಡೆ ಹಾಕಿ ಒರೆಸಿದರು. ಮತ್ತೆ ಉರುಳಿಸಿದರು, ನೇರ ಹೋಯಿತು. ಗಾಲ್ಫ್ ಎಂದರೇನೆಂದು ಗೊತ್ತಿಲ್ಲದ ಆ ಕೈಗೆ ಮಟ್ಟ ಎಂದರೇನೆಂದು ಪೂರ್ತಿ ಗೊತ್ತಿತ್ತು. ಹಾಸು ಬಂದ ಮೇಲೆ ಸರಿ ಮಾಡಿಕೊಳ್ಳೋಣ ಎಂದು ಬಿಟ್ಟ ತಪ್ಪು ಹಾಸಿನ ಅಡಿ ಸೇರಿದರೆ ಮತ್ತೆ ಕೈಗೆ ಸಿಗುವುದಿಲ್ಲ.

ಕುಳಿ ಕೂರಿಸುವುದು ಹುಲ್ಲು ಹಾಸುವ ಮೊದಲೇ ಆಗಬೇಕಾದ ಕೆಲಸ. ಬಟ್ಟಲು ಕನಿಷ್ಠ ನಾಲ್ಕಿಂಚು ಆಳ ಇರಬೇಕು, ಸುತ್ತ ಗಾರೆ ಹಾಕಿ ಭದ್ರ ಮಾಡಬೇಕು. ಆದರೆ ತಳಕ್ಕೆ ಗಾರೆ ಹಾಕಬಾರದು. ಬಟ್ಟಲಿನ ತೂತಿನ ಕೆಳಗೆ ಒಂದಡಿ ಆಳಕ್ಕೆ ಬರೀ ಜಲ್ಲಿ ತುಂಬಬೇಕು. ಇದು ಸಣ್ಣ ವಿಷಯ ಎಂದು ಬಿಡುವಂಥದ್ದಲ್ಲ. ನೀರು ಇಳಿಯದ ಕುಳಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತುಂಬಿದ ಲೋಟದಂತೆ ನಿಂತಿರುತ್ತದೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಮರಿಮಾಡಲು ಅಷ್ಟೇ ಸಾಕು. ಮಳೆಗಾಲ ಬಂತೆಂದರೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ತೆಂಗಿನ ಚಿಪ್ಪು, ಟಯರು, ಹೂಕುಂಡದ ತಟ್ಟೆ ಮಗುಚಿ ಹಾಕಿ ಎಂದು ಹೇಳಿ ಹೋಗುವ ಜಿಲ್ಲೆ ಇದು. ಆಡದ ದಿನಗಳಲ್ಲಿ ಕುಳಿಗೆ ಮುಚ್ಚಳ ಇರಲಿ. ಇನ್ನು, ಕುಳಿ ಇಳಿಜಾರಿನ ಅತಿ ತಗ್ಗಿನಲ್ಲಿ ಇರಬಾರದು, ಅದರ ಸುತ್ತ ಎರಡು ಮೂರು ಅಡಿ ಹೆಚ್ಚುಕಡಿಮೆ ಸಪಾಟಾಗಿರಬೇಕು.

ಹುಲ್ಲಿನ ಆಯ್ಕೆಯಲ್ಲಿ ಅಂಗಡಿಯವರು ತೋರಿಸುವುದಕ್ಕೆಲ್ಲ ತಲೆಯಾಡಿಸಬಾರದು. ಬಾಲ್ಕನಿಗೆಂದು ಮಾರುವ 35, 40 ಮಿ.ಮೀ. ಎತ್ತರದ ಮೆತ್ತನೆಯ ಹಾಸು ಪಟ್ಟಿಂಗಿಗೆ ಉಪಯೋಗವಿಲ್ಲ, ಚೆಂಡು ಅದರಲ್ಲಿ ಮುಳುಗಿ ನಿಲ್ಲುತ್ತದೆ. ಗ್ರೀನಿಗೆ ಬೇಕಾದುದು 10ರಿಂದ 15 ಮಿ.ಮೀ. ಎಳೆಯ, ಒತ್ತಾಗಿ ನೇಯ್ದ ಹಾಸು. ಎಳೆಗಳು ಒಂದು ಕಡೆಗೆ ವಾಲಿರುತ್ತವೆ. ವಾಲಿದ ಕಡೆಗೆ ಚೆಂಡು ಬೇಗ ಓಡುತ್ತದೆ, ಎದುರಿಗೆ ನಿಧಾನ. ಎರಡು ತುಂಡು ಕೂಡಿಸುವುದಾದರೆ ಎರಡರ ವಾಲೂ ಒಂದೇ ಕಡೆಗಿರಬೇಕು, ಇಲ್ಲದಿದ್ದರೆ ಬಣ್ಣವೂ ಓಟವೂ ಎರಡಾಗುತ್ತವೆ. ಕೂಡಿಕೆಯೇ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಗ್ರೀನಿನ ಅಗಲವನ್ನು ಹದಿಮೂರು ಅಡಿಗೆ ನಿಲ್ಲಿಸುವಂತೆ ನಾನು ಹೇಳುವುದು ಅದಕ್ಕೇ. ಸುರುಳಿಗಳು ಎರಡು ಅಥವಾ ನಾಲ್ಕು ಮೀಟರ್ ಅಗಲದಲ್ಲಿ ಬರುತ್ತವೆ, ನಾಲ್ಕು ಮೀಟರ್ ಎಂದರೆ ಹದಿಮೂರು ಅಡಿ. ನಮ್ಮ ಮಳೆಗೆ ಮೊದಲು ಬಾಯಿ ಬಿಡುವುದು ಕೂಡಿಕೆ. ಅಂಚಿಗೆ ವಿದೇಶದಲ್ಲಿ ಮರದ ಪಟ್ಟಿ ಹೊಡೆಯುತ್ತಾರೆ. ಇಲ್ಲಿ ಅದಕ್ಕೆ ಗೆದ್ದಲು ಕಾದಿರುತ್ತದೆ. ಮುರಕಲ್ಲನ್ನೇ ಅರ್ಧ ಹೂತು ಅಂಚು ಕಟ್ಟಿದರೆ ತಲೆಮಾರು ಬಾಳುತ್ತದೆ. ಕಡಲಗಾಳಿಗೆ ಸಾದಾ ಮೊಳೆ ಒಂದೇ ವರ್ಷದಲ್ಲಿ ತುಕ್ಕು ಬಿಟ್ಟು ಹಾಸಿಗೆ ಕಲೆ ಮಾಡುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಮೊಳೆಗೆ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಎಳೆಗಳ ನಡುವೆ ಮರಳು ತುಂಬುವುದು ಕೊನೆಯ ಹಂತ. ಎಳೆಗಳು ಅದರಿಂದ ನೆಟ್ಟಗೆ ನಿಲ್ಲುತ್ತವೆ, ಹಾಸಿಗೆ ಭಾರ ಬರುತ್ತದೆ. ಇದಕ್ಕೆ ಒಣಗಿಸಿದ, ಉರುಟು ಕಣದ ಸಿಲಿಕಾ ಮರಳೇ ಬೇಕು. ಕೂಗಳತೆಯಲ್ಲಿ ಕಡಲಿದೆ, ಎರಡು ಗೋಣಿ ತಂದರೇನು ಎಂಬ ಯೋಚನೆ ಯಾರಿಗಾದರೂ ಬರುತ್ತದೆ. ತರಬಾರದು. ಕರಾವಳಿ ನಿಯಂತ್ರಣ ವಲಯದ (ಸಿಆರ್‌ಝಡ್) ನಿಯಮದಲ್ಲಿ ಕಡಲತೀರದ ಮರಳು ತೆಗೆಯುವುದಕ್ಕೆ ನಿಷೇಧವಿದೆ, ಪ್ರತಿ ಮಳೆಗಾಲದಲ್ಲಿ ಕೊರೆತಕ್ಕೆ ಸಿಗುವ ತೀರದಿಂದ ಒಂದು ಬೊಗಸೆ ತೆಗೆದರೂ ಅದು ನಮ್ಮದೇ ನಷ್ಟ. ಅದರಲ್ಲಿನ ಉಪ್ಪು, ಚಿಪ್ಪಿನ ಚೂರು ಹಾಸಿಗೂ ಒಳ್ಳೆಯದಲ್ಲ. ಮರಳನ್ನು ಒಮ್ಮೆಗೇ ಸುರಿಯದೆ ತೆಳುವಾಗಿ ಎರಚಿ, ಬ್ರಷ್ಷಿನಿಂದ ಎಳೆದು, ಮತ್ತೆ ಎರಚಬೇಕು.

ಚೆಂಡಿನ ಓಟ ಎಷ್ಟಿರಬೇಕು ಎಂಬುದನ್ನು ಅಳೆಯಲು ಒಂದು ಸರಳ ಉಪಕರಣವಿದೆ. 1935ರಲ್ಲಿ ಓಕ್‌ಮಾಂಟ್‌ನಲ್ಲಿ ನಡೆದ ಯುಎಸ್ ಓಪನ್ ನೋಡಲು ಹೋಗಿದ್ದ ಎಡ್ವರ್ಡ್ ಸ್ಟಿಂಪ್ಸನ್, ಒಳ್ಳೊಳ್ಳೆಯ ಆಟಗಾರರ ಪಟ್ ಕೂಡ ಗ್ರೀನ್ ದಾಟಿ ಹೋಗುವುದನ್ನು ಕಂಡು, ಗ್ರೀನ್ ಎಷ್ಟು ವೇಗವಾಗಿದೆ ಎಂದು ಅಳೆಯಲು ಮರದ ಒಂದು ಜಾರುಪಟ್ಟಿ ಮಾಡಿದರು. ಎಪ್ಪತ್ತರ ದಶಕದಲ್ಲಿ ಯುಎಸ್‌ಜಿಎ ಅದನ್ನು ಅಲ್ಯೂಮಿನಿಯಮಿನಲ್ಲಿ ಮಾಡಿ ಮೈದಾನಗಳಿಗೆ ಹಂಚಿತು. ಮೂರಡಿ ಉದ್ದದ ವಿ ಆಕಾರದ ಪಟ್ಟಿ, ಕೆಳತುದಿಯಿಂದ ಮೂವತ್ತು ಇಂಚು ಮೇಲೆ ಒಂದು ಕಚ್ಚು. ಚೆಂಡನ್ನು ಕಚ್ಚಿನಲ್ಲಿಟ್ಟು ಪಟ್ಟಿಯನ್ನು ಮೆಲ್ಲಗೆ ಎತ್ತಿದರೆ ಸುಮಾರು 20 ಡಿಗ್ರಿಗೆ ಬಂದಾಗ ಚೆಂಡು ತಾನಾಗಿ ಜಾರಿ ಓಡುತ್ತದೆ. ನಿಂತಲ್ಲಿಗೆ ಎಷ್ಟು ಅಡಿಯೋ ಅದೇ ಗ್ರೀನಿನ ವೇಗ. ವಾಲಿನ ಕಡೆಗೊಮ್ಮೆ, ಎದುರಿಗೊಮ್ಮೆ ಅಳೆದು ಸರಾಸರಿ ಹಿಡಿಯಬೇಕು. ಕಾಪು ಪೇಟೆಯ ಯಾವ ಫ್ಯಾಬ್ರಿಕೇಶನ್ ಶೆಡ್ಡಿನವರೂ ಇದನ್ನು ಅರ್ಧ ಗಂಟೆಯಲ್ಲಿ ಮಾಡಿಕೊಟ್ಟಾರು. ಮನೆಯ ಗ್ರೀನ್ ಒಂಬತ್ತು, ಹತ್ತು ಅಡಿಗೆ ಬಂದರೆ ಮೈದಾನಕ್ಕೆ ಹೋದಾಗ ಕೈ ತಡವರಿಸುವುದಿಲ್ಲ.

ಗ್ರೀನ್ ಹಿತ್ತಿಲಿನ ಯಾವ ಮೂಲೆಗೆ ಎಂಬ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ, ಎಲ್ಲಿ ಚಂದ ಕಾಣುತ್ತದೋ ಅಲ್ಲಿ ಹಾಸುತ್ತಾರೆ. ನನ್ನ ದೃಷ್ಟಿಯಲ್ಲಿ ಇದು ಜಲ್ಲಿಯಷ್ಟೇ ಮುಖ್ಯ. ಕಾಪು ತಾಲೂಕಿನ ಶಂಕರಪುರದ ಮಲ್ಲಿಗೆ ಭೌಗೋಳಿಕ ಗುರುತು ಪಡೆದ ಬೆಳೆ. ಅದು ದೊಡ್ಡ ತೋಟಗಳ ಬೆಳೆಯಲ್ಲ, ಹಿತ್ತಿಲಿನ ಬೆಳೆ. ಬೆಳಗಾಗುವ ಹೊತ್ತಿಗೆ ಮೊಗ್ಗು ಕೊಯ್ದು, ಬಾಳೆಯ ಹಗ್ಗದಲ್ಲಿ ಕಟ್ಟಿ, ಎಂಟುನೂರು ಹೂವಿನ ಚೆಂಡು, ನಾಲ್ಕು ಚೆಂಡಿನ ಅಟ್ಟೆ ಮಾಡಿ ಕಳಿಸುವ ಮನೆಗಳಲ್ಲಿ ಮಕ್ಕಳ ಫೀಸು, ಮದುವೆಯ ಖರ್ಚು ಎಲ್ಲ ಆ ಗಿಡಗಳಿಂದಲೇ ಬಂದಿದೆ. ಮಲ್ಲಿಗೆಗೆ ಪೂರ್ತಿ ಬಿಸಿಲು ಬೇಕು. ಪ್ಲಾಸ್ಟಿಕ್ ಹುಲ್ಲಿಗೆ ಬಿಸಿಲು ಬೇಕಾಗಿಯೇ ಇಲ್ಲ. ಬಿಸಿಲು ಬಿದ್ದಷ್ಟೂ ಅದು ಕಾಯುತ್ತದೆ, ಬೇಸಿಗೆಯ ಮಧ್ಯಾಹ್ನ ಅದರ ಮೇಲ್ಮೈ 60 ಡಿಗ್ರಿ ದಾಟುವುದು ವಿಶೇಷವಲ್ಲ, ಬರಿಗಾಲಿನ ಮಕ್ಕಳ ಅಂಗಾಲು ಸುಡುತ್ತದೆ. ಹಾಗಿರುವಾಗ ಮಲ್ಲಿಗೆ ಗಿಡ ಕಿತ್ತು ಬಿಸಿಲಿನ ಜಾಗದಲ್ಲಿ ಹಾಸು ಹಾಕುವುದು ಎರಡು ಕಡೆಯಿಂದಲೂ ತಪ್ಪು. ಪಡುಬದಿಯಲ್ಲಿ ಮಧ್ಯಾಹ್ನದ ಬಿಸಿಲೂ ಮಳೆಗಾಲದ ಗಾಳಿಯ ಹೊಡೆತವೂ ಹೆಚ್ಚು. ಪೂರ್ತಿ ನೆರಳಿನ ಮೂಲೆಯಲ್ಲಿ ಹಾವಸೆ ಬಿಡುವುದಿಲ್ಲ. ಮನೆಯ ಮೂಡುಬದಿ ಸರಿಯಾದದ್ದು. ಬೆಳಗಿನ ಬಿಸಿಲು ತೇವ ಆರಿಸುತ್ತದೆ, ಮಧ್ಯಾಹ್ನದ ಹೊತ್ತಿಗೆ ಮನೆಯದೇ ನೆರಳು ಬೀಳುತ್ತದೆ, ಆಟಕ್ಕೆ ಇಳಿಯುವ ನಾಲ್ಕು ಗಂಟೆಗೆ ನೆಲ ತಣ್ಣಗಿರುತ್ತದೆ. ತೆಂಗಿನ ಮರದ ಅಡಿ ಮಾತ್ರ ಎಲ್ಲೂ ಬೇಡ. ಒಂದು ಕಾಯಿ ಬಿದ್ದರೆ ಜಲ್ಲಿಹುಡಿಯಲ್ಲಿ ಗುಳಿ, ಅದೂ ಯಾರ ತಲೆಗೂ ಬೀಳದಿದ್ದರೆ.

ಮೂಡುಬದಿಗೆ ಹೋದರೆ ಬಾವಿ ಹತ್ತಿರವಾಗುತ್ತದೆ, ಏಕೆಂದರೆ ನಮ್ಮಲ್ಲಿ ಬಾವಿ ಹೆಚ್ಚಾಗಿ ಈಶಾನ್ಯದಲ್ಲೇ ಇರುತ್ತದೆ. ಆದ್ದರಿಂದಲೇ ಗ್ರೀನಿನ ಮೇಲೆ ಏನು ಹಾಕುತ್ತೇವೆ ಎಂಬುದರಲ್ಲಿ ಎಚ್ಚರ ಬೇಕು. ಅಂಗಳದಲ್ಲಿ ಹಾವಸೆ ಕಟ್ಟಿದರೆ ಬ್ಲೀಚಿಂಗ್ ಪೌಡರ್ ಎರಚುವುದು ಇಲ್ಲಿನ ರೂಢಿ. ಗ್ರೀನಿನ ಮೇಲೆ ಎರಚಿದ್ದು ಜಲ್ಲಿಯ ಮೂಲಕ ಸೀದಾ ಬಾವಿಯ ದಾರಿ ಹಿಡಿಯುತ್ತದೆ. ಮಳೆ ಬಿಟ್ಟ ದಿನಗಳಲ್ಲಿ ಗಟ್ಟಿ ನೈಲಾನ್ ಬ್ರಷ್ಷಿನಿಂದ ಎಳೆಗಳ ವಾಲಿಗೆ ಎದುರಾಗಿ ಉಜ್ಜಿದರೆ ಹಾವಸೆ ಬೇರೂರುವುದಿಲ್ಲ. ಎಲೆ, ತರಗು ಬಿದ್ದಲ್ಲೇ ಕೊಳೆಯಲು ಬಿಡಬಾರದು, ಕೊಳೆತದ್ದೇ ಮಣ್ಣಾಗಿ ಅದರಲ್ಲಿ ಗರಿಕೆ ಚಿಗುರುತ್ತದೆ. ಹಾಸಿನ ಅಂಚಿನಿಂದ ನೀರು ಹರಿದುಹೋಗುವ ಕಡೆ ಮೂರಡಿ ಆಳದ ಇಂಗುಗುಂಡಿ ತೋಡಿ, ಜಲ್ಲಿ ಮತ್ತು ಮರಳಿನ ಪದರ ತುಂಬಿದರೆ ಜೋರು ಮಳೆಯ ದಿನ ಹೆಚ್ಚಾದ ನೀರು ಪಕ್ಕದವರ ಅಂಗಳಕ್ಕೆ ನುಗ್ಗದೆ ಅಲ್ಲೇ ಇಳಿಯುತ್ತದೆ. ಆ ಮನೆಯಲ್ಲಿ ಇದನ್ನೂ ಮಾಡಿದರು, ಅಮ್ಮನ ಒತ್ತಾಯದ ಮೇಲೆ.

ಪ್ಲಾಸ್ಟಿಕ್ಕಿನ ಪ್ರಶ್ನೆ ಉಳಿಯಿತು. ಹಿರಿಯರ ಸಿಟ್ಟಿನಲ್ಲಿ ಅರ್ಧ ನ್ಯಾಯವಿದೆ ಎಂದದ್ದು ಇದಕ್ಕೇ. ಹಾಸಿನ ಎಳೆಗಳು ಬಿಸಿಲಿಗೆ ಒಣಗಿ, ಕಾಲಿಗೆ ಸಿಕ್ಕಿ ಚೂರುಚೂರಾಗಿ ಉದುರುತ್ತವೆ. ಮಳೆನೀರಿನ ಜೊತೆ ಚರಂಡಿಗೆ, ತೋಡಿಗೆ, ಅಲ್ಲಿಂದ ಕಡಲಿಗೆ. ಕಾಪುವಿನ ತೋಡುಗಳಿಗೆ ಕಡಲು ದೂರವಿಲ್ಲ. ಕ್ರೀಡಾಂಗಣಗಳ ಕೃತಕ ಹುಲ್ಲಿನಲ್ಲಿ ತುಂಬುವ ರಬ್ಬರ್, ಪ್ಲಾಸ್ಟಿಕ್ ಕಾಳುಗಳ ಮಾರಾಟವನ್ನು ಯುರೋಪಿಯನ್ ಒಕ್ಕೂಟ 2023ರಲ್ಲಿ ನಿರ್ಬಂಧಿಸಿತು, ಎಂಟು ವರ್ಷದ ಗಡುವು 2031ರ ಅಕ್ಟೋಬರಿಗೆ ಮುಗಿಯುತ್ತದೆ. ಪಟ್ಟಿಂಗ್ ಗ್ರೀನಿಗೆ ಆ ಕಾಳು ಬೇಕಿಲ್ಲ, ಮರಳೇ ಸಾಕು ಎಂಬುದು ಅದರ ಒಳ್ಳೆಯ ಗುಣ. ಯಾರಾದರೂ ಕಪ್ಪು ರಬ್ಬರ್ ಕಾಳು ತುಂಬುತ್ತೇವೆ ಎಂದರೆ ಬೇಡ ಎನ್ನಬೇಕು. 2024ರ ಪ್ಯಾರಿಸ್ ಒಲಿಂಪಿಕ್ಸಿನ ಹಾಕಿ ಅಂಕಣದ ಎಳೆಗಳಿಗೆ ಬಹುಪಾಲು ಕಬ್ಬಿನಿಂದ ತಯಾರಿಸಿದ ಪಾಲಿಎಥಿಲೀನ್ ಬಳಸಿದ್ದರು. ಅದೂ ಕರಗಿ ಮಣ್ಣಾಗುವ ವಸ್ತುವಲ್ಲ, ಆದರೆ ಕಚ್ಚಾ ತೈಲದ ಅವಲಂಬನೆ ತಗ್ಗಿಸಿದ ಹೆಜ್ಜೆ. ಮನೆಬಳಕೆಯ ಹಾಸಿಗೂ ಅಂಥದ್ದು ಬರಲಿ ಎಂದು ಕೇಳುವ ಹಕ್ಕು ಕೊಳ್ಳುವವರಿಗಿದೆ.

ಎಂಟು, ಹತ್ತು ವರ್ಷಕ್ಕೆ ಹಾಸು ಸವೆಯುತ್ತದೆ. ಅದನ್ನು ಹಿತ್ತಿಲಲ್ಲಿ ಸುಡಬಾರದು, ತೋಡಿನ ಬದಿಗೆ ಎಸೆಯಬಾರದು. ಕೊಳ್ಳುವಾಗಲೇ ಹಳೆಯ ಸುರುಳಿಯನ್ನು ವಾಪಸು ಒಯ್ಯುವಿರಾ ಎಂದು ಮಾರುವವರನ್ನು ಕೇಳಿ, ಒಪ್ಪಿದರೆ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ಹಾಸಿನ ವಿಸ್ತಾರವನ್ನು ಆಟಕ್ಕೆ ಬೇಕಾದಷ್ಟಕ್ಕೇ ನಿಲ್ಲಿಸಬೇಕು. ಗ್ರೀನಿನ ಸುತ್ತ ಚಂದಕ್ಕೆಂದು ಇನ್ನೂ ಸಾವಿರ ಅಡಿ ಪ್ಲಾಸ್ಟಿಕ್ ಹರಡುವವರಿಗೆ ನನ್ನ ಬೆಂಬಲವಿಲ್ಲ. ಅಲ್ಲಿ ಗರಿಕೆಯೇ ಇರಲಿ, ಅದು ಪುಕ್ಕಟೆ ಬರುತ್ತದೆ, ಚೆಂಡು ಗ್ರೀನ್ ದಾಟಿದರೆ ಹಿಡಿದು ನಿಲ್ಲಿಸುತ್ತದೆ. ಆ ಮನೆಯಲ್ಲಿ ಅಂಚಿನ ಮುರಕಲ್ಲಿನ ಆಚೆ ಮಲ್ಲಿಗೆಯ ಸಾಲು ಹಾಗೆಯೇ ಉಳಿದಿದೆ. ಮೊದಲ ಮಳೆಗಾಲ ಕಳೆದ ಮೇಲೆ ಹಾಸಿನ ಒಂದು ಮೂಲೆ ಬಿಡಿಸಿ ನೋಡಿದರು. ಜಲ್ಲಿಹುಡಿ ಜರಿದಿರಲಿಲ್ಲ, ಕೆಸರು ಮೇಲೆ ಬಂದಿರಲಿಲ್ಲ. ಇಂಗುಗುಂಡಿಯ ಮೇಲೆ ಮಾತ್ರ ಒಂದು ಪದರ ಹೂಳು ಕೂತಿತ್ತು. ಅದನ್ನು ಪ್ರತಿವರ್ಷ ಪತ್ತನಾಜೆಯ ಹೊತ್ತಿಗೆ, ಮಳೆ ಹಿಡಿಯುವ ಮೊದಲು ತೆಗೆಸಬೇಕು ಎಂದು ಮೇಸ್ತ್ರಿ ಹೇಳಿ ಹೋಗಿದ್ದಾರೆ.